ಕೆಳಗೆ ಇನ್ನೂ ಇದೆ ಎಂದು ಹೇಳುವ ಪಟ್ಟಿ

ಹೊನ್ನಾವರ ತಾಲೂಕಿನ ಕರ್ಕಿಯಲ್ಲಿ ಕುಳಿತು ‘ಭೂಮಿ’ ಜಾಲತಾಣದಲ್ಲಿ ಪಹಣಿ ನೋಡುವವರು ಜಿಲ್ಲೆ, ತಾಲೂಕು, ಹೋಬಳಿ, ಊರು ಆರಿಸಿ, ಸರ್ವೆ ನಂಬರ್ ಹಾಕಿ, ಕೊನೆಗೆ ಹಿಸ್ಸಾ ನಂಬರಿಗೆ ಬರುತ್ತಾರೆ. ಕರಾವಳಿಯ ಗದ್ದೆ, ತೋಟಗಳು ತಲೆಮಾರಿನಿಂದ ತಲೆಮಾರಿಗೆ ಪಾಲಾಗುತ್ತ ಬಂದಿವೆ. ಒಂದೇ ಸರ್ವೆ ನಂಬರಿನಲ್ಲಿ ಹತ್ತಾರು ಹಿಸ್ಸಾ ಇರುವುದುಂಟು. ಪರದೆಗೆ ಹಿಡಿಯುವುದು ಅದರಲ್ಲಿ ಕೆಲವು ಮಾತ್ರ. ಉಳಿದವು ಕೆಳಗಿವೆ ಎಂದು ತಿಳಿಸಬೇಕಾದದ್ದು ಅಂಚಿನ ಸ್ಕ್ರೋಲ್ ಬಾರ್. ಅದೇ ಕಾಣದಿದ್ದರೆ ‘ನಮ್ಮ ಹಿಸ್ಸಾ ಇದರಲ್ಲಿ ಇಲ್ಲವಲ್ಲ’ ಎಂದು ಗಾಬರಿಯಾಗುವುದು ಸಹಜ.

ಸ್ಕ್ರೋಲ್ ಬಾರನ್ನು ಪುಟ ಸರಿಸುವ ಸಾಧನ ಎಂದಷ್ಟೇ ತಿಳಿದರೆ ಅದರ ಅರ್ಧ ಕೆಲಸ ಮರೆತಂತೆ. ಒಳಗೆ ಜಾರುವ ತುಂಡು ಎಲ್ಲಿದೆ ಎಂಬುದು ನೀವು ಎಲ್ಲಿದ್ದೀರಿ ಎಂದು ಹೇಳುತ್ತದೆ; ಅದರ ಉದ್ದ, ಒಟ್ಟು ಎಷ್ಟಿದೆ ಎಂದು ಹೇಳುತ್ತದೆ. ಪರದೆಯಲ್ಲಿ 40 ಸಾಲು ಕಂಡು ಕಡತದಲ್ಲಿ 400 ಸಾಲಿದ್ದರೆ ತುಂಡು ಪಟ್ಟಿಯ ಹತ್ತನೇ ಒಂದು ಭಾಗ. 600 ಪಿಕ್ಸೆಲ್ ಪಟ್ಟಿಯಲ್ಲಿ 60 ಪಿಕ್ಸೆಲ್. ಅದೇ ಕಡತ 40,000 ಸಾಲಿಗೆ ಬೆಳೆದರೆ ಲೆಕ್ಕದ ಪ್ರಕಾರ ಅರ್ಧ ಪಿಕ್ಸೆಲಿಗಿಂತ ಸ್ವಲ್ಪ ಹೆಚ್ಚು! ಅಷ್ಟು ಸಣ್ಣದನ್ನು ಹಿಡಿದು ಎಳೆಯಲಾಗದು. ಹಾಗಾಗಿ ತಂತ್ರಾಂಶದವರು ಒಂದು ಕನಿಷ್ಠ ಗಾತ್ರ ಇಟ್ಟಿರುತ್ತಾರೆ. ಆದರೂ ಒಂದು ಪಿಕ್ಸೆಲ್ ಎಳೆದರೆ ಅರವತ್ತಕ್ಕೂ ಹೆಚ್ಚು ಸಾಲು ಹಾರಿಹೋಗುತ್ತದೆ.

1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಪ್ರಯೋಗಾಲಯದ ‘ಸ್ಮಾಲ್‌ಟಾಕ್’ ತಂತ್ರಾಂಶದಲ್ಲಿ ಈ ಪಟ್ಟಿ ಎಡಬದಿಗಿತ್ತು. 1984ರ ಮ್ಯಾಕಿಂಟೋಷ್ ಅದನ್ನು ಬಲಕ್ಕೆ ಇಟ್ಟಿತು, ಆದರೆ ಕಡತ ಎಷ್ಟೇ ಉದ್ದವಿರಲಿ ತುಂಡಿನ ಗಾತ್ರ ಒಂದೇ. ಗಾತ್ರದಲ್ಲೇ ಅಳತೆ ತೋರಿಸುವ ತುಂಡನ್ನು ಮನೆಮನೆಗೆ ಮುಟ್ಟಿಸಿದ್ದು ವಿಂಡೋಸ್ 95. ಆಮೇಲೆ ಮೌಸಿಗೆ ಚಕ್ರ ಬಂತು, ಎಳೆಯುವ ಅಗತ್ಯ ಕಡಿಮೆಯಾಯಿತು. 2007ರ ಐಫೋನಿನಲ್ಲಿ ಬೆರಳು ಸರಿಸುವಾಗಷ್ಟೇ ತೆಳು ಗೆರೆ ಮೂಡಿ ಮಾಯವಾಗತೊಡಗಿತು. 2011ರಲ್ಲಿ ಆಪಲ್ ಇದೇ ರೀತಿಯನ್ನು ಕಂಪ್ಯೂಟರಿಗೂ ತಂದಿತು.

ಅಂಗೈಯಗಲದ ಪರದೆಯಲ್ಲಿ ಜಾಗ ಉಳಿಸುವುದು ಸರಿ. ಆದರೆ ದೊಡ್ಡ ಪರದೆಯಲ್ಲೂ ಸ್ಕ್ರೋಲ್ ಬಾರನ್ನು ಮರೆಮಾಡುವುದು ಅಂದಕ್ಕಾಗಿ ಅರ್ಥವನ್ನು ಬಿಟ್ಟುಕೊಟ್ಟಂತೆ. ಪಳಗಿದವರು ಸುಮ್ಮನೆ ಒಮ್ಮೆ ಬೆರಳಾಡಿಸಿ ನೋಡುತ್ತಾರೆ. ವರ್ಷಕ್ಕೊಮ್ಮೆ ಪಹಣಿ ತೆಗೆಯುವ ಹಿರಿಯರಿಗೆ ಆ ಅಭ್ಯಾಸವಿಲ್ಲ. ಕನ್ನಡದ ಸರ್ಕಾರಿ ಜಾಲತಾಣ ಕಟ್ಟುವವರು ಉದ್ದ ಪಟ್ಟಿಗಳಲ್ಲಾದರೂ ಸ್ಕ್ರೋಲ್ ಬಾರ್ ಸದಾ ಕಾಣುವಂತೆ ಇಡಬೇಕು.

ಅಲ್ಲಿಯವರೆಗೆ, ವಿಂಡೋಸ್ 11 ಬಳಸುವವರು ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ, ಅದರೊಳಗೆ ವಿಶುವಲ್ ಎಫೆಕ್ಟ್ಸ್‌ಗೆ ಹೋಗಿ ಸ್ಕ್ರೋಲ್ ಬಾರ್ ಯಾವಾಗಲೂ ತೋರಿಸುವ ಆಯ್ಕೆಯನ್ನು ಆನ್ ಮಾಡಿಕೊಳ್ಳಿ. ಮನೆಯ ಹಿರಿಯರ ಕಂಪ್ಯೂಟರಿನಲ್ಲೂ ಮಾಡಿಕೊಡಿ.