ಮುಪ್ಪಿಗೆ ಪಂಚಾಂಗವಿಲ್ಲ

ಹುಣಸೂರು, ಪಿರಿಯಾಪಟ್ಟಣಗಳ ಹಳ್ಳಿಗಳಲ್ಲಿ ಹೊಗೆಸೊಪ್ಪು ಹದಮಾಡುವ ಕಾಲ ಬಂದರೆ ಬ್ಯಾರನ್ನಿನ ಬೆಂಕಿಗೆ ಹಗಲಿರುಳು ಕಾವಲು ಬೇಕು. ಕೃಷ್ಣರಾಜನಗರದ ಕಡೆ ನಾಲೆಗೆ ನೀರು ಬಂದಿತೆಂದರೆ ನಾಟಿ ಕಾಯುವುದಿಲ್ಲ. ಇವಕ್ಕೆಲ್ಲ ಒಂದು ಕಾಲ, ಒಂದು ಲೆಕ್ಕ ಉಂಟು. ಅದೇ ಮನೆಯ ಒಳಕೋಣೆಯಲ್ಲಿರುವ ವೃದ್ಧರ ಆರೈಕೆಗೆ ಮಾತ್ರ ಯಾವ ಪಂಚಾಂಗವೂ ಇಲ್ಲ. ಮೂವತ್ತು ವರ್ಷ ವೇಳಾಪಟ್ಟಿಯಂತೆ ಪಾಠ ಹೇಳಿದ ನಾನು ಇದನ್ನು ಕಲಿತದ್ದು ನಿವೃತ್ತನಾದ ಮೇಲೆ, ನನ್ನ ತಾಯಿಯಿಂದ.

ತಾಯಿಯ ತವರು ಹೆಗ್ಗಡದೇವನಕೋಟೆಯ ಕಡೆಯ ಒಂದು ಹಳ್ಳಿ. ಕಬಿನಿ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಾಗ ಅದು ಹಿನ್ನೀರಿನ ಪಾಲಾಯಿತು. ಎಂಬತ್ತೇಳರ ವಯಸ್ಸಿನಲ್ಲಿ, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ, ಆಕೆ ಸೆರಗು ಹೊದ್ದು ಬಾಗಿಲಲ್ಲಿ ನಿಲ್ಲುತ್ತಿದ್ದಳು: "ಹೊತ್ತಾಯಿತು, ಊರಿಗೆ ಹೋಗಬೇಕು." "ಆ ಊರು ನೀರಿನಲ್ಲಿದೆಯಮ್ಮ" ಎಂದು ನಾನು ತಿದ್ದುತ್ತಿದ್ದೆ; ಮೇಷ್ಟರ ಚಟ. ಪ್ರತಿ ಸಂಜೆಯೂ ಆಕೆಗೆ ಅದು ಹೊಸ ಸುದ್ದಿ, ಹೊಸ ಅಳು. ಒಂದು ದಿನ ತಿದ್ದುವುದನ್ನು ಬಿಟ್ಟು, "ಅಲ್ಲಿ ನಿಮ್ಮ ಕೊಟ್ಟಿಗೆಯಲ್ಲಿ ಎಷ್ಟು ದನಗಳಿದ್ದವು?" ಎಂದು ಕೇಳಿದೆ. ಆಕೆ ಕುಳಿತು ಒಂದೊಂದರ ಹೆಸರನ್ನೂ ಹೇಳಿದಳು. ಉಪಾಯ ಸಿಕ್ಕಿತೆಂದುಕೊಂಡೆ. ಮರುಸಂಜೆ ಅದೇ ಪ್ರಶ್ನೆಗೆ, "ನಿನಗೇಕೆ ಆ ಲೆಕ್ಕ?" ಎಂದು ಸಿಡುಕಿದಳು.

ವರ್ಷಗಳ ಮೇಲೆ ಮೆಲ್ಲನೆ ಬರುವ ಇಂಥ ಮರೆವನ್ನು ವೈದ್ಯರು ಡಿಮೆನ್ಷಿಯಾ ಎನ್ನುತ್ತಾರೆ. ಗಂಟೆಗಳಲ್ಲಿ, ಇಲ್ಲವೆ ಒಂದೆರಡು ದಿನಗಳಲ್ಲಿ ಎರಗುವ ಗಲಿಬಿಲಿ ಬೇರೆ. ಅದರ ಹೆಸರು ಡೆಲಿರಿಯಂ. ಒಂದು ರಾತ್ರಿ ತಾಯಿ, ಕೋಣೆಯ ತುಂಬ ಎಮ್ಮೆಗಳಿವೆ ಎಂದು ಕೂಗಿಕೊಂಡಳು. ವಯಸ್ಸಿನ ದೋಷವೆಂದು ಎರಡು ದಿನ ಸುಮ್ಮನಿದ್ದೆ. ಕಾರಣ ಮೂತ್ರದ ಸೋಂಕು. ಔಷಧ ಕೊಟ್ಟ ವಾರದೊಳಗೆ ಎಮ್ಮೆಗಳು ಹೊರಟುಹೋದವು. ಸೋಂಕು, ದೇಹದಲ್ಲಿ ನೀರಿನ ಕೊರತೆ, ಮಲಬದ್ಧತೆ, ರಕ್ತದಲ್ಲಿ ಸೋಡಿಯಂ ಇಳಿಯುವುದು, ಹೊಸದೊಂದು ಮಾತ್ರೆ: ವಯಸ್ಸಾದ ಮಿದುಳು ದಿಕ್ಕು ತಪ್ಪಲು ಇವುಗಳಲ್ಲಿ ಒಂದೇ ಸಾಕು. ಮುಪ್ಪಿನಲ್ಲಿ ಬಾಯಾರಿಕೆ ಅಷ್ಟಾಗಿ ತಿಳಿಯುವುದಿಲ್ಲ. ಸೋಂಕಿದ್ದರೂ ಜ್ವರ ಕಾಣದಿರಬಹುದು. ಆದ್ದರಿಂದ ಹಠಾತ್ತನೆ ಬಂದ ಬದಲಾವಣೆಯನ್ನು ಮುಪ್ಪಿನ ಲೆಕ್ಕಕ್ಕೆ ಬರೆಯದೆ ಅಂದೇ ವೈದ್ಯರಿಗೆ ತೋರಿಸಬೇಕು. ನಾನು ಕಳೆದ ಆ ಎರಡು ದಿನ ಯಾರೂ ಕಳೆಯಬಾರದು.

ಹೆತ್ತವರ ಪೋಷಣೆಯನ್ನು 2007ರ ಕೇಂದ್ರ ಕಾಯಿದೆ ಮಕ್ಕಳ ಹೊಣೆಯಾಗಿಸಿದೆ; ಮನೆಯೊಳಗೆ ಆ ಹೊಣೆ ಹೇಗೆ ಹಂಚಿಕೆಯಾಗಬೇಕೆಂದು ಅದು ಹೇಳುವುದಿಲ್ಲ. ಬ್ಯಾರನ್ನಿನ ಬೆಂಕಿಗೆ ನಮ್ಮ ಜನ ಸರದಿ ಹಾಕಿಕೊಳ್ಳುತ್ತಾರೆ. ವೃದ್ಧರ ಕೋಣೆಗೆ ಸರದಿಯಿಲ್ಲ; ಸಾಮಾನ್ಯವಾಗಿ ಸೊಸೆಯೊಬ್ಬಳೇ ಎದ್ದಿರುತ್ತಾಳೆ. ನಮ್ಮ ಮನೆಯಲ್ಲೂ ಬಹುಕಾಲ ಹಾಗೆಯೇ ಇತ್ತು. ತಾಯಿಯ ಕೊನೆಯ ಎಂಟು ತಿಂಗಳು ನಡುರಾತ್ರಿಯಿಂದ ಬೆಳಗಿನವರೆಗಿನ ಸರದಿ ನನ್ನದಾಯಿತು. ಅದನ್ನು ಇನ್ನೂ ಮೊದಲೇ ವಹಿಸಿಕೊಳ್ಳಬೇಕಿತ್ತು.

(ಬಾನುಲಿ ಭಾಷಣ)