ಶನಿವಾರದ ನಾಲ್ಕು ಗಂಟೆಗೆ ಒಂದು ರೆಡಿಮೇಡ್ ಸಾಹಸ

ಕೀನು ರೀವ್ಸ್ ಇರೋ ‘ಸೈಬರ್‌ಪಂಕ್ 2077’ ಗೇಮನ್ನು ನಿಮ್ಮಲ್ಲಿ ಹಲವರು ಆಡಿರ್ತೀರಿ, ಇಲ್ಲಾಂದ್ರೆ ಯೂಟ್ಯೂಬಿನಲ್ಲಾದರೂ ನೋಡಿರ್ತೀರಿ. ಆದರೆ ಅವರು ಅಭಿನಯಿಸಿದ ಜಾನಿ ಸಿಲ್ವರ್‌ಹ್ಯಾಂಡ್ ಎಂಬ ರಾಕ್ ಗಾಯಕ ಹುಟ್ಟಿದ್ದು ಕಂಪ್ಯೂಟರಿನಲ್ಲಿ ಅಲ್ಲ, ಕಾಗದದ ಮೇಲೆ. ಅಮೆರಿಕದ ಮೈಕ್ ಪಾಂಡ್‌ಸ್ಮಿತ್ 1988ರಲ್ಲಿ ‘ಸೈಬರ್‌ಪಂಕ್’ ಎಂಬ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ತಂದರು. ಇದಕ್ಕೆ ಸ್ಕ್ರೀನ್ ಬೇಡ, ಕಂಟ್ರೋಲರ್ ಬೇಡ. ನಾಲ್ಕೈದು ಜನ, ಪೆನ್ಸಿಲ್, ಒಂದಿಷ್ಟು ದಾಳ, ಬೇಕಾದಷ್ಟು ಮಾತು. ಅಷ್ಟೇ.

ಒಬ್ಬರು ಗೇಮ್ ಮಾಸ್ಟರ್. ಉಳಿದವರಿಗೆ ಒಂದೊಂದು ಪಾತ್ರ. ‘ಬಾಗಿಲಿಗೆ ಬೀಗ ಹಾಕಿದೆ, ಒಳಗೆ ಯಾರೋ ಕೆಮ್ಮಿದ ಸದ್ದು. ಏನ್ಮಾಡ್ತೀರಿ?’ ಅಂತ ಮಾಸ್ಟರ್ ಕೇಳ್ತಾರೆ. ಬೀಗ ಮುರೀತೀನಿ ಅಂದ್ರೆ ಹತ್ತು ಮುಖದ ದಾಳ ಉರುಳಿಸಿ, ಬಿದ್ದ ಸಂಖ್ಯೆಗೆ ನಿಮ್ಮ ಸಾಮರ್ಥ್ಯ ಮತ್ತು ಕೌಶಲದ ಅಂಕ ಕೂಡಿಸಿ. ಮೊತ್ತ ಸಾಕಷ್ಟಿದ್ದರೆ ಬಾಗಿಲು ತೆರೆಯಿತು. ಕಥೆ ನಡೆಯೋದು ಕ್ಯಾಲಿಫೋರ್ನಿಯಾದ ಕಾಲ್ಪನಿಕ ನಗರ ‘ನೈಟ್ ಸಿಟಿ’ಯಲ್ಲಿ. ಅಲ್ಲಿ ಕಂಪನಿಗಳೇ ಸರ್ಕಾರ ಇದ್ದಂತೆ. ಯಂತ್ರದ ಕೈ, ಯಂತ್ರದ ಕಣ್ಣು ಎಲ್ಲವೂ ದುಡ್ಡಿಗೆ ಸಿಗುತ್ತವೆ. ಒಂದೊಂದು ಹಾಕಿಸಿಕೊಂಡಾಗಲೂ ನಿಮ್ಮ ಮನುಷ್ಯತ್ವದ ಅಂಕ ಇಳಿಯುತ್ತದೆ.

ತೊಂದರೆ ಎಲ್ಲಿ ಗೊತ್ತಾ? ಮಾಸ್ಟರ್ ಕುರ್ಚಿಯಲ್ಲಿ. ಊರು, ವಿಲನ್, ಕಾವಲುಗಾರ, ನಕ್ಷೆ ಎಲ್ಲ ಅವರೇ ಕಟ್ಟಬೇಕು. ವಾರವಿಡೀ ಸ್ಟ್ಯಾಂಡ್‌ಅಪ್ ಮೀಟಿಂಗ್, ಡೆಡ್‌ಲೈನ್ ಮುಗಿಸಿ ಬಂದವರಿಗೆ ಇನ್ನೊಂದು ಹೋಮ್‌ವರ್ಕ್ ಯಾರಿಗೆ ಬೇಕು? ನಮ್ಮ ಐದು ಜನರ ಗುಂಪು ಉಳಿದಿದ್ದರೆ ಅದಕ್ಕೆ ರೆಡಿಮೇಡ್ ಸಾಹಸಗಳೇ ಕಾರಣ. ಯಾರೋ ಮೊದಲೇ ಬರೆದಿಟ್ಟ ಕಥಾಸಂದರ್ಭ, ಪಾತ್ರಗಳು, ಜಾಗಗಳು. ಓದಿಕೊಂಡು ಬಂದರೆ ನಾಲ್ಕು ಗಂಟೆಯ ಆಟ ಸಿದ್ಧ.

‘ರೆಡಿಮೇಡ್ ಅಂದ್ರೆ ಬೇರೆಯವರ ಕಥೆ ತಾನೇ, ನಮ್ಮದೇನಿದೆ ಅದರಲ್ಲಿ?’ ಅಂತ ಮೂಗು ಮುರಿಯೋರಿದ್ದಾರೆ. ತಾಳಮದ್ದಳೆ ಕೇಳಿದವರು ಹೀಗೆ ಕೇಳಲ್ಲ. ಪ್ರಸಂಗದ ಪುಸ್ತಕದಲ್ಲಿ ಇರೋದು ಪದ್ಯ. ಕೃಷ್ಣ ಕೌರವನಿಗೆ ಏನು ಹೇಳಬೇಕು ಅನ್ನೋದನ್ನ ಅರ್ಥಧಾರಿ ಅಲ್ಲೇ ಕೂತು ಕಟ್ಟಬೇಕು. ರೆಡಿಮೇಡ್ ಸಾಹಸವೂ ಹಾಗೆಯೇ. ಒಂದೇ ವ್ಯತ್ಯಾಸ: ಅಲ್ಲಿ ಸಂಧಾನ ಮುರಿಯುತ್ತೆ ಅಂತ ಎಲ್ಲರಿಗೂ ಗೊತ್ತು. ಇಲ್ಲಿ ಕೊನೆ ಏನಾಗುತ್ತೆ ಅಂತ ಬರೆದವರಿಗೂ ಗೊತ್ತಿಲ್ಲ. ಒಳ್ಳೆಯ ಸಾಹಸ ಸಮಸ್ಯೆಯನ್ನು ಕೊಡುತ್ತೆ, ಉತ್ತರವನ್ನಲ್ಲ.

ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ ‘ಫುಡ್ ಫೈಟ್’. ಸೈಬರ್‌ಪಂಕ್ ಜಗತ್ತಿಗೆ ಮಾಟ-ಮಂತ್ರ ಬೆರೆಸಿದ ‘ಶ್ಯಾಡೋರನ್’ ಗೇಮಿನ 1989ರ ಮೊದಲ ಪುಸ್ತಕದಲ್ಲೇ ಇದ್ದ ಸಾಹಸ ಇದು. ಭವಿಷ್ಯದ ಸಿಯಾಟಲ್, ರಾತ್ರಿ ಹೊತ್ತು, ‘ಸ್ಟಫರ್ ಶ್ಯಾಕ್’ ಅನ್ನೋ ಸಣ್ಣ ಅಂಗಡಿ. ನೀವು ತಿಂಡಿ ಕೊಳ್ಳೋಕೆ ಹೋಗಿದ್ದೀರಿ, ಅಷ್ಟರಲ್ಲಿ ಪುಂಡರ ಗ್ಯಾಂಗ್ ನುಗ್ಗುತ್ತೆ. ಗುಂಡು ತಗುಲಿದರೆ ಕಪಾಟಿನ ಯಾವ ತಿನಿಸು ಸಿಡಿದು ಮೈಮೇಲೆ ಬೀಳುತ್ತೆ ಅನ್ನೋದಕ್ಕೂ ಪುಸ್ತಕದಲ್ಲಿ ಪಟ್ಟಿ ಇದೆ! ನೋಡೋಕೆ ಬರೀ ಹೊಡೆದಾಟ, ನಗು.

ನಮ್ಮ ಟೇಬಲ್‌ನಲ್ಲಿ ಅದು ಬೇರೆಯೇ ಆಯ್ತು. ಗೆಳೆಯನೊಬ್ಬ ಕೆಲಸ ಕಳ್ಕೊಂಡು ಮೂರು ವಾರ ಆಗಿತ್ತು. ಕಂಪನಿಯಿಂದ ಬಂದ ಕೊನೆಯ ಮೇಲ್‌ನಲ್ಲಿ ಅವನ ಹೆಸರೇ ಇರಲಿಲ್ಲ, ಎಂಪ್ಲಾಯಿ ನಂಬರ್ ಇತ್ತು. ಆಟ ಶುರುವಾಗಿ ಗುಂಡಿನ ಸದ್ದು ಕೇಳುತ್ತಲೇ ಎಲ್ಲರೂ ದಾಳ ಹಿಡಿದರು. ಇವನು ಮಾತ್ರ, ‘ಕೌಂಟರ್‌ನಲ್ಲಿ ನಿಂತಿರೋ ಹುಡುಗನ ಹೆಸರೇನು?’ ಅಂದ. ನಾನು ಬಾಯಿಗೆ ಬಂದ ಒಂದು ಹೆಸರು ಕೊಟ್ಟೆ. ಅಲ್ಲಿಂದ ಇಡೀ ಸಂಜೆ ಆ ಹುಡುಗನನ್ನು ಜೀವಸಹಿತ ಹಿಂದಿನ ಬಾಗಿಲಿನಿಂದ ಹೊರಗೆ ಕರ್ಕೊಂಡು ಹೋಗೋದೇ ನಮ್ಮ ಗುರಿ. ಗ್ಯಾಂಗ್ ತಪ್ಪಿಸಿಕೊಂಡಿತು. ಯಾರಿಗೂ ಬೇಜಾರಾಗಲಿಲ್ಲ. ಮೂರು ವಾರದಲ್ಲಿ ಮೊದಲ ಸಲ ಅವನು ಜೋರಾಗಿ ನಕ್ಕಿದ್ದು ಅವತ್ತು.

ಶುರು ಮಾಡೋರಿಗೆ ಈಗ ದಾರಿ ಸುಲಭ. 2020ರಲ್ಲಿ ಬಂದ ‘ಸೈಬರ್‌ಪಂಕ್ ರೆಡ್’ ಆವೃತ್ತಿಗೆ 2022ರಲ್ಲಿ ‘ಟೇಲ್ಸ್ ಆಫ್ ದಿ ರೆಡ್: ಸ್ಟ್ರೀಟ್ ಸ್ಟೋರೀಸ್’ ಬಂತು. ಅದರಲ್ಲಿ ಒಂಬತ್ತು ಸಾಹಸಗಳಿವೆ. ಇನ್ನೂ ಚಿಕ್ಕದು ಬೇಕಂದ್ರೆ ‘ಸ್ಕ್ರೀಮ್‌ಶೀಟ್’ ಇದೆ: ಒಂದು ಕಡೆ ನೈಟ್ ಸಿಟಿಯ ಪತ್ರಿಕೆ ಸುದ್ದಿ, ಇನ್ನೊಂದು ಕಡೆ ಆ ಸುದ್ದಿಯ ಹಿಂದಿರೋ ಸಾಹಸ. ಸುದ್ದಿ ಹಾಳೆಯನ್ನು ಆಟಗಾರರ ಕೈಗೆ ಕೊಟ್ಟು ಸುಮ್ಮನೆ ಕೂತ್ಕೊಳ್ಳಿ, ಅವರೇ ಮಾತು ಶುರು ಮಾಡ್ತಾರೆ.

ನನಗೆ ಉಪಯೋಗಕ್ಕೆ ಬಂದ ಮೂರು ವಿಷಯ ಹೇಳಿಬಿಡ್ತೀನಿ.

ಒಂದು, ಉರುಹೊಡೆಯಬೇಡಿ. ಯಾರಿಗೆ ಏನು ಬೇಕು, ಯಾರೂ ತಡೆಯದಿದ್ದರೆ ಏನಾಗುತ್ತೆ, ಇವೆರಡನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಆಟಗಾರರು ದಾರಿ ತಪ್ಪಿದಾಗ (ತಪ್ಪೇ ತಪ್ಪುತ್ತಾರೆ!) ಪುಟ ತಿರುವೋ ಬದಲು ಆ ಚೀಟಿ ನೋಡಿ.

ಎರಡು, ಕನ್ನಡದಲ್ಲೇ ಆಡಿ. ಈ ಆಟದಲ್ಲಿ ಕೆಲಸ ಕೊಡಿಸೋ ದಲ್ಲಾಳಿಗೆ ‘ಫಿಕ್ಸರ್’ ಅಂತಾರೆ. ನನ್ನ ಫಿಕ್ಸರ್ ಮನೆ ಬ್ರೋಕರ್ ಥರ ಮಾತಾಡ್ತಾನೆ: ‘ಸರ್, ಪಾರ್ಟಿ ತುಂಬಾ ಡೀಸೆಂಟು, ಅಡ್ವಾನ್ಸ್ ಮಾತ್ರ ಕೇಳ್ಬೇಡಿ.’ ತಕ್ಷಣ ಎಲ್ಲರಿಗೂ ಅನುಮಾನ ಬರುತ್ತೆ.

ಮೂರು, ರಕ್ತ, ಹಿಂಸೆ ಎಷ್ಟಿರಲಿ, ಏನು ಬೇಡವೇ ಬೇಡ ಅಂತ ಆಟಕ್ಕೆ ಮುಂಚೆ ಕೇಳಿಬಿಡಿ. ಈ ಜಗತ್ತು ಕ್ರೂರ, ಟೇಬಲ್ ಹಾಗಿರಬೇಕಿಲ್ಲ.

ಬರೋ ಶನಿವಾರಕ್ಕೆ ಸ್ಟ್ರೀಟ್ ಸ್ಟೋರೀಸ್‌ನಿಂದ ಒಂದು ಸಾಹಸ ತೆಗೆದಿಟ್ಟಿದ್ದೀನಿ. ಹೊಸ ಕೆಲಸ ಸಿಕ್ಕ ಖುಷಿಗೆ ಬಜ್ಜಿ ಖರ್ಚು ಅವನದೇ ಅಂತೆ. ನೀವೂ ಮೂರು ಜನ ಗೆಳೆಯರನ್ನು ಕರೀರಿ. ಮೊದಲ ಸಲಕ್ಕೆ ಒಂದು ಅಂಗಡಿ, ಒಂದು ರಾತ್ರಿ ಸಾಕು.