‘ಸಾಲ ವಾಪಸ್ ಕೊಡೋದು ಯಾವಾಗ ಅಕ್ಕ?’

ಭಾರತೀನಗರದ ನಮ್ಮ ಮನೆಗೆ ಸಂಜೆ ಪಾಠಕ್ಕೆ ಬರುವ ಎರಡನೇ ತರಗತಿಯ ಹುಡುಗಿ 32ರಲ್ಲಿ 17 ಕಳೆಯಲು ಒದ್ದಾಡುತ್ತಿದ್ದಳು. ‘ಎರಡರಲ್ಲಿ ಏಳು ಹೋಗಲ್ಲ, ಪಕ್ಕದ ಮನೆಯಿಂದ ಒಂದು ಸಾಲ ತಗೋ’ ಎಂದೆ. ಪೆನ್ಸಿಲ್ ಕೆಳಗಿಟ್ಟು ಕೇಳಿದಳು: ‘ಸಾಲ ವಾಪಸ್ ಕೊಡೋದು ಯಾವಾಗ ಅಕ್ಕ?’

ನಗು ಬಂತು, ಉತ್ತರ ಬರಲಿಲ್ಲ. ಕಬ್ಬಿನ ದುಡ್ಡು ಕೈಸೇರಿದ ಮೇಲೆ ಸಾಲ ತೀರಿಸುವ ಮನೆಯ ಮಗು ಬೇರೇನು ಕೇಳೀತು? ಡಿಗ್ರಿಗೆ ಬಂದರೂ ನಾನು ಈ ‘ಸಾಲ’ವನ್ನು ಅರ್ಥವಾಗದೆಯೇ ಮಾಡುತ್ತಾ ಬಂದಿದ್ದೆ.

ಮರುದಿನ ಪೊರಕೆ ಕಡ್ಡಿ ಮುರಿದು, ಹತ್ತತ್ತನ್ನು ಸೇರಿಸಿ ರಬ್ಬರ್‌ಬ್ಯಾಂಡ್ ಹಾಕಿದೆವು. ಮೂರು ಕಟ್ಟು, ಎರಡು ಬಿಡಿ ಕಡ್ಡಿ. ‘ಹದಿನೇಳು ಕೊಡು’ ಎಂದೆ. ಸ್ವಲ್ಪ ಯೋಚಿಸಿ ತಾನೇ ಒಂದು ಕಟ್ಟು ಬಿಚ್ಚಿದಳು. ಹನ್ನೆರಡು ಬಿಡಿ ಕಡ್ಡಿಯಲ್ಲಿ ಏಳು, ಉಳಿದೆರಡು ಕಟ್ಟಿನಲ್ಲಿ ಒಂದು ನನ್ನ ಕೈಗಿಟ್ಟಳು. ‘ಹದಿನೈದು ಉಳೀತು! ಇದು ಸಾಲ ಅಲ್ಲ ಅಕ್ಕ, ನಮ್ದೇ ಕಟ್ಟು!’

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ‘ನಲಿ-ಕಲಿ’ಯ ಗುಟ್ಟೂ ಇದೇ: ಮಗು ಕೈಯಾರೆ ಮಾಡಿ ಕಲಿಯಬೇಕು. ಈಗ ಪಾಠ ಮುಗಿದ ಮೇಲೆ ಚೌಕಾಬಾರ ಆಡುತ್ತೇವೆ. ನಾಲ್ಕೂ ಕವಡೆ ಅಂಗಾತ ಬಿದ್ದರೆ ನಾಲ್ಕು, ಬೋರಲು ಬಿದ್ದರೆ ಎಂಟು. ನನ್ನ ಕಾಯಿ ಕಡಿಯಲು ಎಷ್ಟು ಬೇಕೆಂದು ಅವಳು ಮನಸ್ಸಿನಲ್ಲೇ ಕೂಡಿ ಕಳೆಯುತ್ತಾಳೆ.

‘ಇವಳಿಗೆ ಲೆಕ್ಕ ಹತ್ತಲ್ಲ’ ಎನ್ನುವ ಮೊದಲು ನಿಮ್ಮ ಮನೆಯ ಮಗುವಿಗೂ ಒಂದು ಹಿಡಿ ಕಡ್ಡಿ ಕೊಟ್ಟು ನೋಡಿ. ನನಗಂತೂ ಆ ಸಾಲದ ಲೆಕ್ಕ ಅವಳಿಂದಲೇ ಚುಕ್ತಾ ಆಯಿತು.